ಅಭಿಮಾನವು ಭಕ್ತಿಯಲ್ಲ



ಇಂದಿನ ದಿನಮಾನಗಳಲ್ಲಿ ‘ಭಕ್ತ’ ಎಂಬ ಪದವು ಬಹಳ ಅಗ್ಗವಾಗಿದೆ. ಚಿತ್ರನಟನ ಕಟೌಟಿಗೆ ಹಾಲೆರೆಯುವವನು ಭಕ್ತ. ಕ್ರಿಕೆಟ್ ಆಟಗಾರನ ಹೆಸರನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡವನೂ ಭಕ್ತ. ಹನ್ನೆರಡನೆಯ ಶತಮಾನದ ಶರಣರು ಯಾವ ಪದಕ್ಕಾಗಿ ತಮ್ಮ ಬದುಕನ್ನೇ ಸವೆಸಿದರೋ ಆ ಪದವು ಹೀಗೆ ಬೀದಿಪಾಲಾಗುವುದನ್ನು ಕಂಡೂ ಸುಮ್ಮನಿರುವುದು ಬಸವತತ್ತ್ವದ ಅನುಯಾಯಿಗಳಿಗೆ ತರವಲ್ಲ. ಅಭಿಮಾನವು ಭಕ್ತಿಯಲ್ಲ. ವಿವೇಕ ತಪ್ಪಿದ ಅಭಿಮಾನವಂತೂ ಭಕ್ತಿಗೆ ನೇರ ವಿರೋಧಿ.

2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ ನಟ ಯಶ್ ಅವರ ಹುಟ್ಟುಹಬ್ಬಕ್ಕೆಂದು ಕಟೌಟ್ ನಿಲ್ಲಿಸುತ್ತಿದ್ದ ಮೂವರು ತರುಣರು ವಿದ್ಯುತ್ ತಗುಲಿ ಅಸುನೀಗಿದರು. ಆ ಮನೆಗಳಿಗೆ ಬಂದ ನಟರೇ, ಪ್ರೀತಿಯನ್ನು ಹೀಗೆ ತೋರಿಸಬೇಡಿ ಎಂದು ಬೇಡಿಕೊಂಡರು. 2025ರ ಜೂನ್ 3ರಂದು ಬೆಂಗಳೂರಿನ ತಂಡವು ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ಬೆಳಿಗ್ಗೆ ಸಾಮಾಜಿಕ ಜಾಲತಾಣದಲ್ಲಿ ವಿಜಯೋತ್ಸವದ ಆಹ್ವಾನ ಹರಿದಾಡಿತು. ಸುಮಾರು 35,000 ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದತ್ತ ಲಕ್ಷಾಂತರ ಜನ ನುಗ್ಗಿದರು; ಕಾಲ್ತುಳಿತದಲ್ಲಿ 11 ಜೀವಗಳು ಹೋದವು. ವ್ಯವಸ್ಥೆಯ ಲೋಪವನ್ನು ನ್ಯಾಯಾಲಯವು ವಿಚಾರಿಸಲಿ. ಮಡಿದವರನ್ನು ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ಅವರು ನಮ್ಮ ನಿಮ್ಮ ಮನೆಯ ಮಕ್ಕಳೇ. ಅವರಿಗೆ ಇಂತಹ ಹಂಬಲವನ್ನು ಬಿತ್ತಿದವರು ಯಾರು ಎಂಬುದೇ ನಮ್ಮ ಪ್ರಶ್ನೆ.

ಶೂನ್ಯಸಂಪಾದನೆಯಲ್ಲಿ ಬರುವ ಸೊನ್ನಲಿಗೆಯ ಪ್ರಸಂಗವನ್ನು ತಾವೆಲ್ಲರೂ ಬಲ್ಲಿರಿ. ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ಸಿದ್ಧರಾಮೇಶ್ವರರು ನಾಡಿನಲ್ಲೆಲ್ಲ ಹೆಸರಾಗಿದ್ದರು. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವರ ಹೆಸರನ್ನು ಹಗುರವಾಗಿ ಕರೆದು ಕೇಳಿದರು. ಕೆರೆಯ ಕೆಲಸದಲ್ಲಿದ್ದವರು ಕೆರಳಿ ಕಲ್ಲೆಸೆದರು. ಆ ಕಲ್ಲುಗಳು ಪ್ರಭುವನ್ನು ತಾಕದೆ ಸುತ್ತಲೂ ರಾಶಿಯಾದವೆಂದು ಕಥೆ ಹೇಳುತ್ತದೆ. ಕಲ್ಲೆಸೆದವರಿಗೆ ತಮ್ಮ ಒಡೆಯನ ಮೇಲೆ ಅಭಿಮಾನವಿತ್ತು, ಬಂದವನ ಮಾತಿನಲ್ಲಿ ಏನಿದೆ ಎಂದು ಕೇಳುವ ವ್ಯವಧಾನವಿರಲಿಲ್ಲ. ಮೊದಲು ಕೋಪಗೊಂಡ ಸಿದ್ಧರಾಮರೂ ಆ ಮಾತನ್ನು ಕೇಳಿಸಿಕೊಂಡರು. ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರು. ಪ್ರಶ್ನೆಯನ್ನು ಸಹಿಸಿದ್ದರಿಂದಲೇ ಅವರು ಶಿವಯೋಗಿಯಾದರು.

ಇಂದು ಆ ಕಲ್ಲುಗಳೇ ಬೈಗುಳಗಳಾಗಿ ಮೊಬೈಲಿನಲ್ಲಿ ಬೀಳುತ್ತಿವೆ. 2025ರ ಜುಲೈಯಲ್ಲಿ ಮಾಜಿ ಸಂಸದೆ, ನಟಿ ರಮ್ಯಾ ಅವರು ಕೊಲೆ ಪ್ರಕರಣವೊಂದರಲ್ಲಿ ನ್ಯಾಯ ಸಿಗಲಿ ಎಂದು ಬರೆದದ್ದಕ್ಕೆ ನಟರೊಬ್ಬರ ಅಭಿಮಾನಿಗಳೆಂದು ಹೇಳಿಕೊಂಡವರು ಅಶ್ಲೀಲ ಸಂದೇಶಗಳ ಸುರಿಮಳೆಗೈದರು. ದೂರು ದಾಖಲಾಗಿ ಬಂಧನಗಳೂ ಆದವು. ಹೆಣ್ಣುಮಗಳೊಬ್ಬಳನ್ನು ಹೀಗೆ ನಿಂದಿಸುವುದು ಯಾವ ದೇವರ ಸೇವೆ? ಅಕ್ಕಿ ಆಯುವ ಕಾಯಕದ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿಸಿ ಬಾ ಎಂದವಳು ಅವನ ಮಡದಿ ಲಕ್ಕಮ್ಮ. ಪ್ರೀತಿಸಿದವರನ್ನು ತಿದ್ದುವುದು ಶರಣಮಾರ್ಗ. ಅವರ ತಪ್ಪಿಗೂ ಜೈಕಾರ ಹಾಕುವುದು ಗುಲಾಮಗಿರಿ.

ಈ ಗುಲಾಮಗಿರಿಯ ಹಿಂದೆ ದೊಡ್ಡ ವ್ಯಾಪಾರವೇ ಇದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳು ಮುಖ್ಯವಾಗಿ ಜಾಹೀರಾತಿನಿಂದ ಗಳಿಸುತ್ತವೆ. ನಾವು ನೋಡುತ್ತ ಕುಳಿತ ಹೊತ್ತೇ ಅವು ಮಾರುವ ಸರಕು. ತಾರೆಯರ ಮದುವೆ, ಜಗಳ, ಉಡುಪು, ಊಟಗಳನ್ನು ನಮ್ಮ ಕಣ್ಣ ಮುಂದೆ ಎಡೆಬಿಡದೆ ತಂದು ಸುರಿಯುವುದು ಅದಕ್ಕಾಗಿಯೇ. ಇತ್ತ ನಮ್ಮ ಕಾಯಕದ ಹೊತ್ತು ಕರಗುತ್ತದೆ. ಮಕ್ಕಳ ಓದು, ಹಿರಿಯರೊಡನೆ ಮಾತು, ಲಿಂಗಪೂಜೆ ಎಲ್ಲವೂ ನಾಳೆಗೆ ಸರಿಯುತ್ತವೆ. ನೋಟವನ್ನು ಒಳಗೆ ತಿರುಗಿಸಲೆಂದು ಬಸವಣ್ಣನವರು ಅಂಗೈಗೆ ಇಷ್ಟಲಿಂಗವನ್ನು ಕರುಣಿಸಿದರು. ಅದೇ ಅಂಗೈಯಲ್ಲಿ ಈಗ ಪರರ ಬದುಕನ್ನು ಹಿಡಿದು ಕುಳಿತಿದ್ದೇವೆ.

ಶರಣರಿಗೆ ಹೆಸರಿನ ಹಂಬಲವಿರಲಿಲ್ಲ. ವಚನದ ಕೊನೆಗೆ ಬಸವಣ್ಣನವರು ಇಟ್ಟದ್ದು ಕೂಡಲಸಂಗಮದೇವನ ಅಂಕಿತ. ಅಕ್ಕ ಇಟ್ಟದ್ದು ಚೆನ್ನಮಲ್ಲಿಕಾರ್ಜುನನದು. ಇಂದು ಒಂದು ಹಿಡಿ ಅನ್ನ ಕೊಟ್ಟರೂ ನಮ್ಮ ಮುಖ ಕಾಣುವಂತೆ ಚಿತ್ರ ತೆಗೆದು ಹಂಚುತ್ತೇವೆ. ಮಠದ ಅಂಗಳವೂ ಇದಕ್ಕೆ ಹೊರತಲ್ಲ. ಜಾತ್ರೆಯ ಫ್ಲೆಕ್ಸುಗಳಲ್ಲಿ ಶರಣರಿಗಿಂತ ಶುಭ ಕೋರುವವರ ಭಾವಚಿತ್ರಗಳೇ ದೊಡ್ಡವು. ಪ್ರವಚನ ಕೇಳುವವರಿಗಿಂತ ಸ್ವಾಮಿಗಳೊಡನೆ ಸೆಲ್ಫಿ ಬಯಸುವವರೇ ಹೆಚ್ಚು. ಕಾವಿ ತೊಟ್ಟವರನ್ನೂ ತಾರೆಯನ್ನಾಗಿ ಮಾಡಿಕೊಂಡು ತತ್ತ್ವವನ್ನು ಮರೆತರೆ ಅದೂ ಇದೇ ರೋಗ. ಇದನ್ನು ಹೇಳಲು ಮಠಗಳು ಹಿಂಜರಿಯಬಾರದು.

ಹಾಗಾದರೆ ಕಲಾವಿದರನ್ನು ಮೆಚ್ಚುವುದೇ ತಪ್ಪೇ? ಖಂಡಿತ ಅಲ್ಲ. ನಟನೆಯೂ ಕಾಯಕ, ಆಟವೂ ಕಾಯಕ. ಸತ್ಯಶುದ್ಧವಾದ ಕಾಯಕವೆಲ್ಲ ಗೌರವಕ್ಕೆ ಅರ್ಹವೇ. ಡಾ. ರಾಜಕುಮಾರ್ ಅವರು ಅಭಿಮಾನಿಗಳನ್ನೇ ದೇವರೆಂದು ಕರೆದರು. 2006ರಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಆದರೆ ಅದೇ ಹೊತ್ತಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅಭಿಮಾನದ ಹೆಸರಿನಲ್ಲಿ ಗಲಭೆ ನಡೆದು ಜೀವಹಾನಿಯಾಯಿತು. 2021ರಲ್ಲಿ ಪುನೀತ್ ರಾಜಕುಮಾರ್ ಅವರು ಅಗಲಿದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಅದನ್ನು ಕಂಡು ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಮೆಚ್ಚಿದವರ ಗುಣವನ್ನು ತಮ್ಮ ಬಾಳಿಗೆ ತಂದುಕೊಂಡ ಈ ಜನರ ನಡೆಯೇ ದಾಸೋಹ.

ಆದ್ದರಿಂದ ಸದ್ಭಕ್ತರೇ, ಕಟೌಟಿಗೆ ಎರೆಯುವ ಹಾಲು ಹಸಿದ ಮಗುವಿಗೆ ಸಲ್ಲಲಿ. ನಿಮ್ಮ ಮಕ್ಕಳು ಯಾರನ್ನಾದರೂ ಮೆಚ್ಚಿದರೆ, ಅವರಲ್ಲಿ ನೀನು ಮೆಚ್ಚಿದ ಗುಣ ಯಾವುದು, ಅದನ್ನು ನೀನು ಹೇಗೆ ರೂಢಿಸಿಕೊಳ್ಳುವೆ ಎಂದು ಕೇಳಿರಿ. ಬೆಳಿಗ್ಗೆ ಮೊಬೈಲನ್ನು ಮುಟ್ಟುವ ಮೊದಲು ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಳ್ಳಿರಿ. ಮಿಕ್ಕ ದಿನವನ್ನು ಕಾಯಕಕ್ಕೆ ಕೊಡಿರಿ.