ಫಲಕ ಹೊಳೀತಿದೆ, ನೀರು ಬರ್ತಿಲ್ಲ

ಹೋದ ಸಲ ಊರಿಗೆ ಹೋದಾಗ ಬ್ಯಾಗ್ ಇಡೋಕೂ ಬಿಡದೆ ಅಜ್ಜಿ ಕೇಳಿದ್ಲು: "ನಿಮ್ ಕಂಪ್ನಿಯೋರು ಆ ನೀರಿನ ಮಿಷನ್ನು ರಿಪೇರಿ ಮಾಡಿಸ್ತಾರಾ ಮಗಾ?"

ನಮ್ಮದು ಪಾವಗಡ ಕಡೆ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋ ಮಿತಿ ಕಾಗದದ ಮೇಲಿದೆ, ನಮ್ಮೂರಿನ ಹಲ್ಲುಗಳ ಮೇಲಿರೋದು ಕಂದು ಗೆರೆ. ಹಾಗಾಗಿ ಒಂದು ಕಂಪನಿಯ ಪ್ರತಿಷ್ಠಾನ ಶುದ್ಧ ನೀರಿನ ಘಟಕ ಕೊಟ್ಟಾಗ ಊರಲ್ಲಿ ಹಬ್ಬ. ಐದು ರೂಪಾಯಿ ನಾಣ್ಯ ಹಾಕಿದ್ರೆ 20 ಲೀಟರ್ ಕ್ಯಾನ್ ತುಂಬೋದು. ಮೂರನೇ ವರ್ಷ ಮೆಂಬ್ರೇನ್ ಕೆಟ್ಟಿತು. ಪಂಚಾಯಿತಿಯವರು "ನಮಗೆ ಹಸ್ತಾಂತರ ಆಗಿಲ್ಲ" ಅಂದ್ರು. ಪ್ರತಿಷ್ಠಾನದವರು "ಪ್ರಾಜೆಕ್ಟ್ ಕ್ಲೋಸ್ ಆಗಿದೆ" ಅಂದ್ರು. ದಾನಿಗಳ ಹೆಸರಿನ ಗ್ರಾನೈಟ್ ಫಲಕ ಮಾತ್ರ ಇವತ್ತಿಗೂ ಫಳಫಳ.

ಆಫೀಸಿನ ಸಿಎಸ್‌ಆರ್ ತಂಡದಲ್ಲಿ ನಾನೂ ಒಬ್ಬ ವಾಲಂಟಿಯರ್. ಅಜ್ಜಿ ಕೇಳಿದ ಮೇಲೆ ನಿಯಮಗಳನ್ನ ಕೂತು ಓದಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟು ಖರ್ಚು ಮಾಡಬೇಕು. ಮಾರ್ಚ್ 31 ಹತ್ತಿರ ಬಂದ ಹಾಗೆ ಎಲ್ಲರಿಗೂ ಬೇಗ ಮುಗಿಯೋ, ಫೋಟೋಗೆ ಸಿಗೋ ಕೆಲಸ ಬೇಕು. ಕಟ್ಟಡ, ಮಿಷನ್, ಬೆಂಚು. ಆದರೆ ಕಾಯ್ದೆ ಹಾಗೆ ಮಾಡಿ ಅಂತ ಎಲ್ಲೂ ಹೇಳಿಲ್ಲ. 'ಮುಂದುವರಿಯುವ ಯೋಜನೆ' ಅಂತ ಮಂಜೂರು ಮಾಡಿದ್ರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ದುಡ್ಡು ಕೊಡಬಹುದು.

ಇನ್ನೊಂದು ನೆಪ, ಸಂಬಳಕ್ಕೆ ಕೊಡೋ ಹಾಗಿಲ್ಲ, ಆಡಳಿತ ವೆಚ್ಚಕ್ಕೆ ಶೇ 5ರ ಮಿತಿ ಇದೆ ಅನ್ನೋದು. ನಾನೂ ನಂಬಿದ್ದೆ. ಆ ಮಿತಿ ಇರೋದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತದ ಖರ್ಚಿಗೆ. ಘಟಕ ನಡೆಸೋ ಹುಡುಗನ ಸಂಬಳ ಯೋಜನೆಯದ್ದೇ ಖರ್ಚು. ಇನ್ನು ಹಸ್ತಾಂತರದ ಕಥೆ. ಸಿಎಸ್‌ಆರ್ ದುಡ್ಡಲ್ಲಿ ಆದ ಆಸ್ತಿ ಯಾರ ಹೆಸರಲ್ಲಿರಬೇಕು ಅಂತ 2021ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿದೆ: ನೋಂದಾಯಿತ ಟ್ರಸ್ಟ್ ಅಥವಾ ಸಂಘ, ಫಲಾನುಭವಿಗಳ ಸ್ವಸಹಾಯ ಗುಂಪು, ಇಲ್ಲವೇ ಸರ್ಕಾರಿ ಪ್ರಾಧಿಕಾರ. ಕಂಪನಿಯ ಹೆಸರಲ್ಲಿ ಇರೋ ಹಾಗಿಲ್ಲ.

ಈ ಸಲ ಅರ್ಜಿ ಬರೆಯೋಕೆ ಜಿಲ್ಲೆಯ ಒಂದು ಟ್ರಸ್ಟ್‌ನವರ ಜೊತೆ ಕೂತೆ. ಹೊಸ ಮಿಷನ್ ಕೇಳಲಿಲ್ಲ. ಹಳೇದರ ರಿಪೇರಿ, ನಾಲ್ಕು ವರ್ಷದ ಮೆಂಬ್ರೇನು, ಕರೆಂಟ್ ಬಿಲ್ಲು, ಆಪರೇಟರ್ ಸಂಬಳ, ಆರು ತಿಂಗಳಿಗೊಮ್ಮೆ ನೀರಿನ ಪರೀಕ್ಷೆ. ಮಾಲೀಕತ್ವ ಊರಿನ ಸ್ವಸಹಾಯ ಸಂಘದ ಹೆಸರಿಗೆ, ನಾಣ್ಯದ ದುಡ್ಡು ಅವರ ಬ್ಯಾಂಕ್ ಖಾತೆಗೆ. ಸಂಘದ ಹೆಂಗಸರು ಒಂದು ಸಾಲು ಸೇರಿಸಿದ್ರು: ಲೆಕ್ಕದ ಹಾಳೆ ಪ್ರತಿ ತಿಂಗಳು ಘಟಕದ ಬಾಗಿಲಿಗೆ ಅಂಟಿಸ್ತೀವಿ. ಅದು ನನಗೆ ಹೊಳೆದೇ ಇರಲಿಲ್ಲ.

ಮೊನ್ನೆ ನಮ್ಮ ಸಮಿತಿಯಿಂದ ಮೇಲ್ ಬಂತು. ಐಡಿಯಾ ಚೆನ್ನಾಗಿದೆಯಂತೆ, ಸಂಬಳವನ್ನ ಒಂದೇ ವರ್ಷಕ್ಕೆ ಇಳಿಸಿ, ಮಿಕ್ಕ ದುಡ್ಡಲ್ಲಿ ಘಟಕಕ್ಕೆ ಹೊಸ ಕಟ್ಟಡ ಸೇರಿಸಬಹುದಾ ಅಂತ. ಆಗಲ್ಲ ಅಂತ ಉತ್ತರ ಬರೆದಿದ್ದೀನಿ, ಹಳೇ ಫಲಕದ ಫೋಟೋನೂ ಜೊತೆಗಿಟ್ಟು. ಗುರುವಾರ ಮೀಟಿಂಗ್.