ಗೃಹಸ್ಥರ ಪ್ರವಾಸ: ಅಳಿವೆಯ ಹಕ್ಕಿಗಳಿಗಾಗಿ ಎರಡು ದಿನ



ಚಳಿಗಾಲದ ರಜೆಯಲ್ಲಿ ಮಕ್ಕಳೊಡನೆ ಎಲ್ಲಿಗಾದರೂ ಹೋಗಿಬರಬೇಕೆಂಬ ಯೋಚನೆ ನಿಮ್ಮ ಮನೆಯಲ್ಲಿಯೂ ಇದ್ದೀತು. ಈ ಸಾರೆ ಕುಮಟೆ, ಹೊನ್ನಾವರ, ಭಟ್ಕಳಗಳ ತೀರದ ಹಕ್ಕಿಗಳನ್ನು ನೋಡಲು ಎರಡು ದಿನಗಳನ್ನು ತೆಗೆದಿಡಿರಿ. ನವೆಂಬರದಿಂದ ಫೆಬ್ರುವರಿಯವರೆಗೆ ಇದಕ್ಕೆ ತಕ್ಕ ಕಾಲ. ಆದರೆ ಹೊರಡುವ ಮೊದಲು ನಮ್ಮದೊಂದು ತಪ್ಪನ್ನು ಕೇಳಿರಿ.

ಹಿಂದೊಮ್ಮೆ ನಾವು ಸಂಸಾರಸಮೇತರಾಗಿ ಕುಮಟೆಯಲ್ಲಿ ಇಳಿದು ಅಘನಾಶಿನಿಯ ಅಳಿವೆಗೆ ಹೋದೆವು. ದುರ್ಬೀನು, ಬುತ್ತಿ, ಪಕ್ಷಿಗಳ ಪುಸ್ತಕ ಎಲ್ಲವೂ ಇದ್ದವು. ಹಕ್ಕಿಗಳು ಮಾತ್ರ ಇರಲಿಲ್ಲ. ಎತ್ತ ನೋಡಿದರೂ ದಡ ಮುಟ್ಟಿದ ನೀರು. ದೋಣಿಯ ಬಳಿ ಕುಳಿತಿದ್ದ ಮುದುಕನೊಬ್ಬನು ನಕ್ಕು, "ತಮ್ಮಾ, ನೀನು ರೈಲಿನ ವೇಳೆ ನೋಡಿ ಬಂದೆ, ನೀರಿನ ವೇಳೆ ನೋಡಲಿಲ್ಲ" ಎಂದನು.

ಈ ಪ್ರವಾಸದ ಗುಟ್ಟೆಲ್ಲವೂ ಆ ಮಾತಿನಲ್ಲಿದೆ. ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನಲ್ಲಿ ಹುಳು, ಏಡಿ, ಚಿಪ್ಪಿನ ಜೀವಿಗಳು ಸಿಕ್ಕುವುದರಿಂದ ಗೊರವ ಮೊದಲಾದ ಹಕ್ಕಿಗಳು ಆಗಲೇ ಮೇಯುತ್ತವೆ. ಉಬ್ಬರ ಬಂದೊಡನೆ ಮರಳುದಿಣ್ಣೆಗೋ ಗಜನಿ ಗದ್ದೆಯ ಬದುವಿಗೋ ಸರಿದು ವಿಶ್ರಮಿಸುತ್ತವೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ತಾಸು; ಈ ವೇಳೆಯು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿದು ಕೆಸರು ದೂರದವರೆಗೆ ತೆರೆಯುತ್ತದೆ. ಮೆಡಿಟರೇನಿಯನ್ ಸಮುದ್ರದ ಹೆಚ್ಚಿನ ತೀರಗಳಲ್ಲಿ ಉಬ್ಬರವಿಳಿತ ಅತ್ಯಲ್ಪವಾದುದರಿಂದ ಅಲ್ಲಿಯ ಪಕ್ಷಿಪ್ರಿಯರಿಗೆ ಈ ಚಿಂತೆಯಿಲ್ಲ, ನಮಗುಂಟು. ಆದುದರಿಂದ ಮೊದಲು ಪಂಚಾಂಗ, ಬಳಿಕ ಉಬ್ಬರವಿಳಿತದ ಕೋಷ್ಟಕ, ಆಮೇಲೆ ಟಿಕೀಟು.

ಮೊದಲ ದಿನವನ್ನು ಅಘನಾಶಿನಿಗೆ ಕೊಡಿರಿ. ಇಳಿತಕ್ಕೆ ಒಂದು ತಾಸು ಮೊದಲೇ ದಡದಲ್ಲಿರತಕ್ಕದ್ದು. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ನದಿಯ ಅಳಿವೆಯು ರಾಮ್ಸರ್ ಪಟ್ಟಿಗೆ ಸೇರಿದುದು 2024ರ ಜನವರಿಯಲ್ಲಿ ಪ್ರಕಟವಾಯಿತು. ವಿಸ್ತಾರ 4,801 ಹೆಕ್ಟೇರು. ಅತ್ತ ಹೆಂಗಸರು ಬಳಚು ಆಯುತ್ತಿರಲು, ಇತ್ತ ಹಕ್ಕಿಗಳು ಅದೇ ಕೆಸರಿನಲ್ಲಿ ಮೇಯುವ ನೋಟವನ್ನು ಮಕ್ಕಳಿಗೆ ತೋರಿಸಿರಿ. ನೀವು ಮಾತ್ರ ಕೆಸರಿಗೆ ಇಳಿಯಬೇಡಿರಿ. ಏರುವ ನೀರು ಹಿಂದಿನಿಂದ ಸುತ್ತುವರಿಯುವುದುಂಟು.

ಎರಡನೆಯ ದಿನ ಉಬ್ಬರದ ವೇಳೆಯನ್ನು ಹೊನ್ನಾವರಕ್ಕೆ ಇಟ್ಟುಕೊಳ್ಳಿರಿ. ಶರಾವತಿಯ ದಡದ ಕಾಸರಕೋಡಿನಲ್ಲಿ ಕಾಂಡ್ಲಾವನದ ನಡುವೆ ಮರದ ಕಾಲುದಾರಿಯಿರುವುದರಿಂದ ವೃದ್ಧರೂ ಸುಲಭವಾಗಿ ನಡೆಯಬಹುದು. ಮಿಂಚುಳ್ಳಿ, ಬೆಳ್ಳಕ್ಕಿ, ನೀರುಕಾಗೆಗಳನ್ನು ಅಲ್ಲಿ ಅರಸಿರಿ. ಮುಂದೆ ಮುರುಡೇಶ್ವರದಲ್ಲಿ ಆಕಾಶದತ್ತ ಕಣ್ಣಿಡಿರಿ. ಭಾಗ್ಯವಿದ್ದರೆ ಬಿಳಿಹೊಟ್ಟೆಯ ಕಡಲಹದ್ದು ಕಂಡೀತು. ಸಂಜೆ ಭಟ್ಕಳದ ಬಂದರಿನಲ್ಲಿ ಮೀನುದೋಣಿಗಳನ್ನು ಹಿಂಬಾಲಿಸುವ ಕಡಲಕ್ಕಿಗಳನ್ನು ನೋಡಿ, ಅಲ್ಲಿಂದಲೇ ರೈಲು ಹಿಡಿಯಬಹುದು.

ಕೊನೆಗೊಂದು ಮಾತು. ಹಿಂಡು ಎದ್ದು ಹಾರಿದರೆ ಚಿತ್ರ ಚೆನ್ನಾಗಿ ಬರುವುದೆಂದು ಮಕ್ಕಳನ್ನು ಅದರತ್ತ ಓಡಿಸುವ ಹಿರಿಯರುಂಟು. ಕಂದುತಲೆಯ ಕಡಲಕ್ಕಿಯು ಮರಿಮಾಡುವುದು ಲದಾಖ, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ. ಪುಟ್ಟ ಗೊರವಗಳಲ್ಲಿಯೂ ಹಲವು ಹಿಮಾಲಯದಾಚೆಗೆ ಮರಳಬೇಕಾದವು. ಆ ದಾರಿಗೆ ಬೇಕಾದ ಕೊಬ್ಬನ್ನು ಅವು ನಮ್ಮ ಕೆಸರಿನಲ್ಲಿಯೇ ಕೂಡಿಸಿಕೊಳ್ಳುತ್ತವೆ. ನಮ್ಮ ಒಂದು ಕ್ಷಣದ ವಿನೋದವು ಅವುಗಳ ಬುತ್ತಿಯಿಂದ ಒಂದು ತುತ್ತನ್ನು ಕಸಿದಂತೆ. ನಾವು ಹಿಂದಿರುಗುವಾಗ ಕುಳಿತ ಹಿಂಡು ಕುಳಿತಂತೆಯೇ ಇದ್ದರೆ, ಪ್ರವಾಸ ಸಫಲವಾಯಿತೆಂದು ತಿಳಿಯತಕ್ಕದ್ದು.