ಮೂರನೆಯ ರ‍್ಯಾಂಕು ಬಂದರೆ ಸಾಕೇ?

ಫೆಬ್ರವರಿ 28ರ ವಿಜ್ಞಾನ ದಿನಾಚರಣೆಗೆ ಮೊಳಕಾಲ್ಮೂರಿನ ನಮ್ಮ ಶಾಲೆಗೆ ಒಬ್ಬ ಅತಿಥಿಗಳು ಬಂದಿದ್ದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಕ್ಕಳು ಶಾಮಿಯಾನದ ಕೆಳಗೆ ಬೆವರುತ್ತ ಕೂತಿದ್ದರು. ಅತಿಥಿಗಳು ದನಿ ಏರಿಸಿ, "ಸಂಶೋಧನಾ ಲೇಖನಗಳ ಸಂಖ್ಯೆಯಲ್ಲಿ ಭಾರತ ಪ್ರಪಂಚಕ್ಕೇ ಮೂರನೆಯದು. ಚೀನಾ, ಅಮೆರಿಕ ಬಿಟ್ಟರೆ ನಾವೇ. ಮುಂದುವರಿಯುತ್ತಿರುವ ಉಳಿದ ದೇಶಗಳೆಲ್ಲ ನಮ್ಮ ಹಿಂದೆ" ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ರೇಷ್ಮೆ ಸೀರೆ ನೇಯುವ ಮಗ್ಗದ ಮನೆಯವಳು, ಎದ್ದು ನಿಂತಳು. "ಸಾರ್, ಆ ಲೇಖನದಾಗೆ ಏನು ಬರ್ದಿರ್ತಾರೆ?"

"ಅದೆಲ್ಲ ನಿನಗೀಗ ಅರ್ಥವಾಗಲ್ಲಮ್ಮ, ಕೂತ್ಕೋ" ಎಂದರು ಅತಿಥಿಗಳು. ಮಕ್ಕಳು ನಕ್ಕರು. ಹುಡುಗಿ ಕೂತಳು. ನನಗೆ ಮಾತ್ರ ಅಂದಿನಿಂದ ಸಮಾಧಾನವಿಲ್ಲ.

ನಾನು ವಿಜ್ಞಾನದವಳಲ್ಲ. ಓದಿದ್ದು ಬಿ.ಎ., ಬಿ.ಇಡಿ.; ಪಾಠ ಮಾಡುವುದು ಸಮಾಜ. ಆದರೆ ಉತ್ತರಪತ್ರಿಕೆ ತಿದ್ದುವುದರಲ್ಲಿ ಕೂದಲು ನರೆತಿದೆ. ಪ್ರತಿ ವರ್ಷ ಒಬ್ಬಿಬ್ಬರು ಮಕ್ಕಳು ಎಂಟೆಂಟು ಅಡಿಷನಲ್ ಶೀಟು ಕೇಳಿ ಪಡೆದು ಬರೆದಿರುತ್ತಾರೆ. ಕಟ್ಟಿದ ದಾರ ಬಿಚ್ಚಿ ನೋಡಿದರೆ ಕೇಳಿದ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಅವರಿಗೆ ಪುಟ ಎಣಿಸಿ ಅಂಕ ಕೊಟ್ಟರೆ ನನ್ನನ್ನು ಟೀಚರ್ ಎನ್ನುತ್ತೀರಾ? ದೇಶಗಳ ವಿಷಯಕ್ಕೆ ಬಂದರೆ ಮಾತ್ರ ನಾವು ಮಾಡುತ್ತಿರುವುದು ಅದನ್ನೇ.

ಎಣಿಸುವುದೇ ಆದರೆ ಪೂರ್ತಿ ಎಣಿಸೋಣ. 2022ರಲ್ಲಿ ನಮ್ಮ ದೇಶದಿಂದ ಎರಡು ಲಕ್ಷಕ್ಕೂ ಹೆಚ್ಚು ಲೇಖನಗಳು ಬಂದವು, ನಿಜ. ಆದರೆ ನಾವು 140 ಕೋಟಿ ಜನ. ನೂರು ಮಕ್ಕಳ ತರಗತಿಯಲ್ಲಿ ಹತ್ತು ಮಂದಿ, ಹದಿನೈದು ಮಕ್ಕಳ ತರಗತಿಯಲ್ಲಿ ಐದು ಮಂದಿ ಪಾಸಾದರೆ ಯಾವ ತರಗತಿ ಮೇಲು? 2020–21ರಲ್ಲಿ ನಾವು ಸಂಶೋಧನೆಗೆ ಖರ್ಚು ಮಾಡಿದ್ದು ದೇಶದ ಒಟ್ಟು ಉತ್ಪನ್ನದ ಶೇ. 0.64. ಬ್ರೆಜಿಲ್ ಶೇ. 1ಕ್ಕಿಂತ ಹೆಚ್ಚು, ಚೀನಾ ಸುಮಾರು ಶೇ. 2.4. ಹತ್ತು ಲಕ್ಷ ಜನಕ್ಕೆ ನಮ್ಮಲ್ಲಿ ಸಂಶೋಧಕರು 262. ಬ್ರೆಜಿಲ್‌ನಲ್ಲಿ ಅದರ ಸುಮಾರು ಮೂರು ಪಟ್ಟು. ಪ್ರಕಟವಾದ ಮೇಲೆ ತಪ್ಪು, ಮೋಸ ಎಂದು ಹಿಂದಕ್ಕೆ ಪಡೆದ ಲೇಖನಗಳಿಗೂ ಒಂದು ಪಟ್ಟಿಯಿದೆ. ಅದರಲ್ಲೂ ನಾವು ಮುಂದಿನ ಸಾಲಿನಲ್ಲೇ ಇದ್ದೇವೆ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಿಸುವುದಿಲ್ಲ.

ಈ ಪುಟಗಳು ಹೇಗೆ ಹುಟ್ಟುತ್ತವೆಂಬುದನ್ನೂ ಒಂದಿಷ್ಟು ಕಂಡಿದ್ದೇನೆ. ನನ್ನ ಗೆಳತಿಯ ಮಗಳು ಪಿಎಚ್.ಡಿ. ಮಾಡುತ್ತಿದ್ದಳು. ಲೇಖನ ಅಚ್ಚಾಗದೆ ಪದವಿ ಸಿಗದೆಂದರು. ಯಾವುದೋ ಪತ್ರಿಕೆಯವರು ದುಡ್ಡು ಕಟ್ಟಿದರೆ ಹದಿನೈದು ದಿನದಲ್ಲಿ ಅಚ್ಚು ಮಾಡುತ್ತೇವೆಂದರು. ಗೆಳತಿ ಚೀಟಿ ಎತ್ತಿ ಕೊಟ್ಟಳು. ಲೇಖನ ಬಂತು. ಅದನ್ನು ಓದಿದವರು ಬರೆದವಳು, ಅವಳಮ್ಮ ಮತ್ತು ಏನೂ ಅರ್ಥವಾಗದ ನಾನು. ಪಿಎಚ್.ಡಿ.ಗೆ ಲೇಖನ ಕಡ್ಡಾಯವೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಅಷ್ಟರಲ್ಲಿ ಇಂಥ ಎಷ್ಟು ಚೀಟಿಗಳು ಎತ್ತಿಹೋಗಿದ್ದವೋ!

ಹಾಗಾದರೆ ಹೋಲಿಕೆಯೇ ಬೇಡವೇ? ಬೇಕು. ಆದರೆ ಯಾರ ಕಷ್ಟಕ್ಕೆ ಪ್ರಶ್ನೆ ಕೇಳಿದರು, ಉತ್ತರ ಯಾರ ಮನೆ ಮುಟ್ಟಿತು ಎಂದು ಹೋಲಿಸಬೇಕು. ಚೀನಾದ ತು ಯೂಯೂ ಎಂಬ ಹೆಣ್ಣುಮಗಳು ಪಿಎಚ್.ಡಿ. ಮಾಡಿದವಳಲ್ಲ. ಹಳೆಯ ನಾಟಿ ವೈದ್ಯದ ಪುಸ್ತಕ ಓದಿ, ಒಂದು ಸೊಪ್ಪಿನಿಂದ ಮಲೇರಿಯಾಕ್ಕೆ ಮದ್ದು ತೆಗೆದಳು. 1977ರಲ್ಲಿ ಆ ಸಂಶೋಧನೆ ಅಚ್ಚಾದಾಗ ಅದರ ಮೇಲೆ ಯಾರೊಬ್ಬರ ಹೆಸರೂ ಇರಲಿಲ್ಲ. 2015ರಲ್ಲಿ ನೊಬೆಲ್ ಬಂತು. ಇನ್ನು ಬಾಂಗ್ಲಾದೇಶ. ವಾಂತಿಭೇದಿಗೆ ಉಪ್ಪು-ಸಕ್ಕರೆ ನೀರು ಸಾಕೆಂದು 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟರು. ಆಮೇಲೆ 1980ರ ದಶಕದಲ್ಲಿ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ನಡೆದು, ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಇಷ್ಟು ನೀರು ಎಂದು ತಾಯಂದಿರಿಗೆ ಕಲಿಸಿದರು. ಲೇಖನ ಎಣಿಸಿದರೆ ಬಾಂಗ್ಲಾ ನಮ್ಮ ಕಾಲ ಬುಡದಲ್ಲೂ ನಿಲ್ಲುವುದಿಲ್ಲ. ಬದುಕಿದ ಕೂಸುಗಳನ್ನು ಎಣಿಸಿದರೆ?

ಬ್ರೆಜಿಲ್ ಕಥೆಯಂತೂ ನಮ್ಮ ಹೊಲದ್ದೇ. ನಾನು ದಿನಾ ಚಳ್ಳಕೆರೆಯಿಂದ ತಳುಕು, ಬಿ.ಜಿ. ಕೆರೆ ದಾಟಿ ಬಸ್ಸಿನಲ್ಲಿ ಬರುವಾಗ ಎರಡೂ ಕಡೆ ಕಾಣುವುದು ಶೇಂಗಾ. ಚಳ್ಳಕೆರೆಗೆ ಎಣ್ಣೆಯೂರೆಂಬ ಹೆಸರು ತಂದದ್ದೂ ಅದೇ. ಶೇಂಗಾದ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವಲ್ಲ, ಅವುಗಳಲ್ಲಿರುವ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನೇ ಗಿಡಕ್ಕೆ ಗೊಬ್ಬರ ಮಾಡಿ ಉಣಿಸುತ್ತದೆ. ಸೋಯಾ ಗಿಡಕ್ಕೂ ಅದೇ ಗುಣ. ಬ್ರೆಜಿಲ್‌ನಲ್ಲಿ ಜೊಹಾನಾ ಡೊಬೆರೈನರ್ ಎಂಬ ವಿಜ್ಞಾನಿ, ಗೊಬ್ಬರದ ಮೂಟೆ ಬೇಡ, ಈ ಜೀವಿಯನ್ನೇ ಬೀಜಕ್ಕೆ ಸವರೋಣ ಎಂದು ಹಟ ಹಿಡಿದಳು. ಇವತ್ತು ಅಲ್ಲಿಯ ಹೆಚ್ಚಿನ ಸೋಯಾ ಹೊಲಗಳಿಗೆ ಸಾರಜನಕದ ಗೊಬ್ಬರ ಬೀಳುವುದಿಲ್ಲ. ಅದೇ ಕೆಲಸ ಮುಂದುವರಿಸಿದ ಮರಿಯಾಂಜೆಲಾ ಹುಂಗ್ರಿಯಾ ಎಂಬ ಇನ್ನೊಬ್ಬಾಕೆಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂತು.

ನಮ್ಮಲ್ಲೂ ಇಂಥ ಪುಡಿ ತಯಾರಾಗುತ್ತದೆ, ರೈಜೋಬಿಯಂ ಎಂದು. ಪೋಷಕರ ಸಭೆಯಲ್ಲಿ ಶೇಂಗಾ ಬಿತ್ತುವ ತಾಯಂದಿರನ್ನು ಕೇಳಿದೆ. ಒಬ್ಬರೂ ಹೆಸರು ಕೇಳಿರಲಿಲ್ಲ. ಗೊಬ್ಬರದ ಸಾಲದ ಲೆಕ್ಕ ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು.

"ಚಂದ್ರನ ಮೇಲೆ ಇಳಿದಿದ್ದೇವೆ, ನೀವಿನ್ನೂ ಶೇಂಗಾ ಹಿಡಿದು ಕೂತಿದ್ದೀರಿ" ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಹಂಗಿಸಿದವರಿದ್ದಾರೆ. ಸ್ವಾಮಿ, 2023ರ ಆಗಸ್ಟ್ 23ರ ಸಂಜೆ ನನ್ನ ಕಣ್ಣಲ್ಲೂ ನೀರು ಬಂತು. ಚಂದ್ರಯಾನ-3ರ ಪರೀಕ್ಷೆಗೆ ಚಂದ್ರನಲ್ಲಿರುವಂಥ ಗುಂಡಿಗಳನ್ನು ತೋಡಿದ್ದು ನಮ್ಮ ಉಳ್ಳಾರ್ತಿ ಕಾವಲಿನಲ್ಲೇ ಅಲ್ಲವೇ? ಆದರೆ ಒಂದು ಗಮನಿಸಿ. ಅಂದು ದೇಶ ಕುಣಿದದ್ದು ಎಷ್ಟು ಲೇಖನ ಬಂತೆಂದು ಅಲ್ಲ, ಹಿಡಿದ ಕೆಲಸ ಮುಗಿಸಿದರೆಂದು. ನಾನು ಹೇಳುತ್ತಿರುವುದೂ ಅಷ್ಟೇ.

ಕಾವಲಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಮೃತಮಹಲ್ ಕಾವಲುಗಳಲ್ಲಿ ನಮ್ಮ ಜನ ದನ, ಕುರಿ ಮೇಯಿಸುತ್ತಿದ್ದರು. ಆ ಕುರಿಯ ಉಣ್ಣೆಯೇ ನಮ್ಮ ಕಂಬಳಿ. ಅಲ್ಲಿಗೆ ಐಐಎಸ್‌ಸಿ, ಡಿಆರ್‌ಡಿಒ, ಇಸ್ರೊ, ಬಾಬಾ ಅಣು ಸಂಶೋಧನಾ ಕೇಂದ್ರ ಬಂದವು. ಕುದಾಪುರದಲ್ಲಿ ಐಐಎಸ್‌ಸಿಗೇ 1500 ಎಕರೆ. ಗೋಡೆ ಎದ್ದಿತು, ಕುರಿ ಮಂದೆ ಸುತ್ತಿ ಹೋಗಬೇಕಾಯಿತು. ಜನ ಹೋರಾಡಿದರು, ಹಸಿರು ನ್ಯಾಯಮಂಡಳಿಯವರೆಗೂ ಹೋದರು. ನ್ಯಾಯವಾಗಿ ಒಳ್ಳೆಯದನ್ನೂ ಹೇಳಬೇಕು. ಕುದಾಪುರದಲ್ಲಿ ವಿಜ್ಞಾನ, ಗಣಿತದ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನಮ್ಮ ಸಹೋದ್ಯೋಗಿಯೊಬ್ಬರು ಹೋಗಿ ಬಂದವರು ಪ್ರಯೋಗಾಲಯದ ಬೀರುವಿನ ಬೀಗ ತೆಗೆದರು. ಇಂಥದ್ದು ಇನ್ನೂ ಹತ್ತು ಪಟ್ಟು ಆಗಲಿ ಎಂಬುದೇ ನನ್ನ ಜಗಳ.

ಇನ್ನೊಂದು ಲೆಕ್ಕ ನಮ್ಮದೇ, ಹೆಂಗಸರದು. ನಮ್ಮ ದೇಶದ ಸಂಶೋಧನೆಯ ಕೆಲಸದಲ್ಲಿ ನೂರಕ್ಕೆ 20 ಹೆಂಗಸರೂ ಇಲ್ಲ. ನಮಗಿಂತ ಹಿಂದೆ ಎನ್ನುವ ಟುನೀಶಿಯಾ, ಅರ್ಜೆಂಟೀನಾಗಳಲ್ಲಿ ಅರ್ಧಕ್ಕರ್ಧ ಅವರೇ. 1933ರಲ್ಲಿ ಕಮಲಾ ಭಾಗವತ್ (ಮುಂದೆ ಸೊಹೊನಿ) ಬೆಂಗಳೂರಿನ ಐಐಎಸ್‌ಸಿಗೆ ಬಂದಾಗ, ಹೆಣ್ಣೆಂಬ ಒಂದೇ ಕಾರಣಕ್ಕೆ ಸಿ.ವಿ. ರಾಮನ್ ಬೇಡವೆಂದರು. ಆಕೆ ಬಿಡಲಿಲ್ಲ. ಒಂದು ವರ್ಷ ನೋಡೋಣ ಎಂಬ ಷರತ್ತಿನ ಮೇಲೆ ಒಳಗೆ ಹೋಗಿ, ಹಾಲು-ಬೇಳೆಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. 1939ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದರು. ನಮ್ಮ ಮಕ್ಕಳ ತಟ್ಟೆಯಲ್ಲಿ ಏನಿದೆ ಎಂದು ಕೇಳಿದ್ದು, ಬಾಗಿಲಲ್ಲಿ ತಡೆದು ನಿಲ್ಲಿಸಿದ್ದ ಆ ಹುಡುಗಿ. ನಾವು "ಕೂತ್ಕೋ" ಎಂದು ಕೂರಿಸಿದ ಹುಡುಗಿಯರ ಲೆಕ್ಕ ಯಾವ ಪಟ್ಟಿಯಲ್ಲಿದೆ?

ನಾನು ಕೇಳುವುದು ದೊಡ್ಡದೇನಲ್ಲ. ನಮ್ಮ ಕಾವಲು ಪಡೆದ ಸಂಸ್ಥೆಗಳು ವರ್ಷಕ್ಕೊಮ್ಮೆ, ಗುಟ್ಟಿನದನ್ನು ಬಿಟ್ಟು, ಏನು ಕೇಳಿದೆವು, ಏನು ಕಂಡೆವು ಎಂದು ಒಂದು ಪುಟ ಕನ್ನಡದಲ್ಲಿ ಬರೆದು ಎರಡೂ ತಾಲ್ಲೂಕಿನ ಶಾಲೆಗಳಿಗೆ ಕಳಿಸಲಿ. ನಮ್ಮ ಮಕ್ಕಳು ಬರೆದು ಕಳಿಸುವ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಎರಡು ಲಕ್ಷ ಲೇಖನ ಬರೆಯುವ ದೇಶಕ್ಕೆ ಒಂದು ಪುಟ ಭಾರವೇ?

ಮುಂಗಾರಿನಲ್ಲಿ ಆ ಹುಡುಗಿ ಒಂದು ಶೇಂಗಾ ಗಿಡವನ್ನು ಬೇರುಸಮೇತ ಕಿತ್ತು ತಂದಿದ್ದಳು. ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ, "ಮಿಸ್, ಒಳಗೆ ರಕ್ತದಂಗೆ ಕೆಂಪಗೈತೆ, ಯಾಕೆ?" ಎಂದಳು. ನನಗೆ ಗೊತ್ತಿರಲಿಲ್ಲ. ಇಬ್ಬರೂ ವಿಜ್ಞಾನದ ಟೀಚರ್ ಹತ್ತಿರ ಹೋದೆವು. ನಮ್ಮ ರಕ್ತವನ್ನು ಕೆಂಪಾಗಿಸುವಂಥದೇ ಒಂದು ವಸ್ತು ಅದರಲ್ಲೂ ಇದೆಯಂತೆ. ಕೆಂಪಗಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದು ಅರ್ಥವಂತೆ. ಹುಡುಗಿ ಅದನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಂಡು, ಇನ್ನೊಂದು ಗಂಟು ಸೀಳಿದಳು.